ಅಟ್ಯಾಚ್‌ಮೆಂಟಿನಲ್ಲಿ ಕಳೆದುಹೋದ ಪದಕಗಳು

ಹೋದ ಜನವರಿ 26ರ ಬೆಳಿಗ್ಗೆ ಶೋಳಿಂಗನಲ್ಲೂರಿನ ನಮ್ಮ ಅಪಾರ್ಟ್‌ಮೆಂಟಿನ ಧ್ವಜಕಂಬದ ಹತ್ತಿರ ಹಿರಿಯರೊಬ್ಬರು ಕೋಟು ತೊಟ್ಟು ಬಂದು ನಿಂತರು. ಚೆನ್ನೈಯಲ್ಲಿ ಕೋಟು ತೊಡುವವರೆಂದರೆ ಒಂದೋ ವಕೀಲರು, ಇಲ್ಲವೇ ಮದುಮಗ. ಹಾಗಾಗಿ ಎಲ್ಲರ ಕಣ್ಣೂ ಅವರ ಮೇಲೆ ಬಿತ್ತು. ಎಡ ಎದೆಯಲ್ಲಿ ಎರಡು ಪದಕ ತೂಗುತ್ತಿದ್ದವು. ಮೂರನೇ ಮಹಡಿಯಲ್ಲಿ ಸಾಫ್ಟ್‌ವೇರ್ ಮಗನ ಜೊತೆ ಇರುವ, ಅರಕಲಗೂಡು ಕಡೆಯ, ದಿನಾ ಸಂಜೆ ತರಕಾರಿ ಚೀಲ ಹಿಡಿದು ಓಎಂಆರ್ ರಸ್ತೆ ದಾಟುವ ಯಜಮಾನರು ಇವರೇ ಎಂದು ಗುರುತು ಸಿಗಲು ಒಂದು ನಿಮಿಷ ಬೇಕಾಯಿತು. ಐದನೇ ತರಗತಿಯ ಹುಡುಗನೊಬ್ಬ ಮುಲಾಜಿಲ್ಲದೆ ಕೇಳಿಯೇಬಿಟ್ಟ: "ತಾತ, ಬರೀ ಎರಡೇನಾ?"

"ಬರಬೇಕಾದ್ದು ಇನ್ನೂ ಇವೆ ಮರಿ. ಬಂದಿಲ್ಲ, ಅಷ್ಟೆ."

ಆ "ಅಷ್ಟೆ" ನನ್ನನ್ನು ಬಿಡಲಿಲ್ಲ. ಮುಂದಿನ ಎರಡು ಭಾನುವಾರ ಅವರ ಮನೆಯ ಊಟದ ಮೇಜಿನ ಮೇಲೆ ಹಳೇ ಕಾಗದ ಹರಡಿಕೊಂಡು ಕೂತೆವು. ಈ ಲೇಖನ ಹುಟ್ಟಿದ್ದು ಆ ಮೇಜಿನ ಮೇಲೆ. ಸೇನೆಯ ವೈದ್ಯಕೀಯ ವಿಭಾಗದಲ್ಲಿ ದುಡಿದ ತಂದೆ, ಮಾವ, ಅಜ್ಜ ನಿಮ್ಮ ಮನೆಯಲ್ಲಿದ್ದರೆ, ಅಥವಾ ಇದ್ದು ಹೋಗಿದ್ದರೆ, ಅವರ ಟ್ರಂಕನ್ನು ಒಮ್ಮೆ ತೆರೆಯಲು ಇದು ನೆಪವಾಗಲಿ.

ಯಜಮಾನರು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು. 1978ರಲ್ಲಿ ಸೇರಿ, ಲಖ್ನೋದಲ್ಲಿ ತರಬೇತಿ ಮುಗಿಸಿ, 2000ದಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ನಡುವೆ ಅರುಣಾಚಲ, ಶ್ರೀಲಂಕಾ, ಲಡಾಖ್. ಡಾಕ್ಟರಲ್ಲ, ಡಾಕ್ಟರ ಕೈ. ಗುಂಡು ತಗುಲಿದವನ ಬಳಿ ಮೊದಲು ಓಡುವವನು, ಡ್ರೆಸ್ಸಿಂಗ್ ಒತ್ತಿ ಹಿಡಿಯುವವನು, ಮಾರ್ಫಿಯಾ ಕೊಟ್ಟು ಎಷ್ಟು ಹೊತ್ತಿಗೆ ಕೊಟ್ಟೆನೆಂದು ಚೀಟಿಯಲ್ಲಿ ಬರೆದು ಕಟ್ಟುವವನು. ಅವರ ಎದೆಯ ಮೇಲಿದ್ದ ಎರಡು ಪದಕಗಳಲ್ಲಿ ಒಂದು ಒಂಬತ್ತು ವರ್ಷದ ದೀರ್ಘ ಸೇವೆಯದು, ಇನ್ನೊಂದು 1997ರ ಸ್ವಾತಂತ್ರ್ಯದ ಐವತ್ತನೇ ವರ್ಷದ್ದು. ಓಡಿದ್ದಕ್ಕೆ, ಒತ್ತಿ ಹಿಡಿದದ್ದಕ್ಕೆ ಸಂಬಂಧಿಸಿದ ಒಂದೂ ಅಲ್ಲಿರಲಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪದಕ ಎಂದೊಡನೆ ನಮಗೆ ಪರಮವೀರ ಚಕ್ರ ನೆನಪಾಗುತ್ತದೆ. ಅದು ಶೌರ್ಯ ಪ್ರಶಸ್ತಿ. ಮೇಲಧಿಕಾರಿ ಶಿಫಾರಸು ಮಾಡಬೇಕು, ಅದು ಹಂತಹಂತವಾಗಿ ಮೇಲೆ ಹೋಗಬೇಕು, ಗಣರಾಜ್ಯೋತ್ಸವಕ್ಕೋ ಸ್ವಾತಂತ್ರ್ಯ ದಿನಕ್ಕೋ ಹೆಸರು ಪ್ರಕಟವಾಗಬೇಕು. ಅದನ್ನು ಯಾರೂ ಅರ್ಜಿ ಹಾಕಿ ಕೇಳುವಂತಿಲ್ಲ. ಸೇವಾ ಪದಕದ ಲೆಕ್ಕವೇ ಬೇರೆ. ಇಂಥ ಜಾಗದಲ್ಲಿ, ಇಂಥ ಅವಧಿಯಲ್ಲಿ, ಇಷ್ಟು ದಿನ ಇದ್ದವನಿಗೆ ಇಂಥದ್ದು ಸಲ್ಲತಕ್ಕದ್ದು ಎಂದು ನಿಯಮವೇ ಹೇಳುತ್ತದೆ. ಅಲ್ಲಿದ್ದೆ ಎಂಬುದು ದಾಖಲೆಯಲ್ಲಿದ್ದರೆ ಸಾಕು. ಬಂದೂಕು ಹಿಡಿದಿದ್ದೆಯೋ ಸಿರಿಂಜು ಹಿಡಿದಿದ್ದೆಯೋ ಎಂದು ಈ ನಿಯಮ ಕೇಳುವುದಿಲ್ಲ. ಯಜಮಾನರಿಗೆ ಬರಬೇಕಾದದ್ದು ಈ ಎರಡನೇ ಬಗೆಯವು. ಇದನ್ನು ಕೇಳುವುದರಲ್ಲಿ ಯಾಚನೆಯೇನೂ ಇಲ್ಲ. ಬಾಕಿ ಸಂಬಳ ಕೇಳಿದಂತೆ ಕೇಳಬಹುದು.

ಯಾವುದು ಯಾರಿಗೆ

ವರ್ಷಗಳ ಲೆಕ್ಕ ಸುಲಭ, ಅದನ್ನು ಮೊದಲು ಮುಗಿಸೋಣ. ಒಂಬತ್ತು, ಇಪ್ಪತ್ತು, ಮೂವತ್ತು ವರ್ಷದ ಸೇವೆಗೆ ಪ್ರತ್ಯೇಕ ದೀರ್ಘ ಸೇವಾ ಪದಕಗಳಿವೆ. ಒಂದು ಬಂದರೆ ಹಿಂದಿನದು ಹೋಗುವುದಿಲ್ಲ, ಎರಡನ್ನೂ ಧರಿಸಬಹುದು. ಇಪ್ಪತ್ತೆರಡು ವರ್ಷ ದುಡಿದ ನಮ್ಮ ಯಜಮಾನರಿಗೆ ಇಪ್ಪತ್ತರ ಪದಕ ಸಿಕ್ಕಿರಲೇಬೇಕಿತ್ತು, ಸಿಕ್ಕಿಲ್ಲ. ಸ್ವಾತಂತ್ರ್ಯ ವಾರ್ಷಿಕೋತ್ಸವದ ಪದಕಗಳು ಆ ದಿನ ಸೇವೆಯಲ್ಲಿದ್ದವರಿಗೆ ಸಲ್ಲುತ್ತವೆ: 1972ರ ಆಗಸ್ಟ್ 15ಕ್ಕೆ ಇಪ್ಪತ್ತೈದನೆಯದು, 1997ಕ್ಕೆ ಐವತ್ತನೆಯದು, 2022ಕ್ಕೆ ಎಪ್ಪತ್ತೈದನೆಯದು. ಲಾಂಗ್ ಸರ್ವಿಸ್ ಅಂಡ್ ಗುಡ್ ಕಾಂಡಕ್ಟ್, ಮೆರಿಟೋರಿಯಸ್ ಸರ್ವಿಸ್ ಎಂಬೆರಡು ಬೇರೆ ಇವೆ. ಅವಕ್ಕೆ ವರ್ಷ ತುಂಬಿದರೆ ಸಾಲದು, ಆಯ್ಕೆ ಆಗಬೇಕು. ಇವನ್ನು "ನನಗೆ ಬರಬೇಕಿತ್ತು" ಎನ್ನುವ ಪಟ್ಟಿಗೆ ಸೇರಿಸಿ ಮನಸ್ಸು ಕೆಡಿಸಿಕೊಳ್ಳಬೇಡಿ.

ಎಡವುವುದು ಜಾಗದ ಲೆಕ್ಕದಲ್ಲಿ. ಯುದ್ಧವಿಲ್ಲದ ದಿನಗಳಲ್ಲೂ ಕಷ್ಟದ ಪ್ರದೇಶಗಳಲ್ಲಿ ಒಟ್ಟು ಒಂದು ವರ್ಷ ಕಳೆದವರಿಗೆ ಸೈನ್ಯ ಸೇವಾ ಪದಕ. ಅದರ ರಿಬ್ಬನ್ನಿನ ಮೇಲೆ ಜಾಗದ ಹೆಸರು ಕೊರೆದ ಸಣ್ಣ ಲೋಹದ ಪಟ್ಟಿ ಕೂರುತ್ತದೆ. ಫೌಜಿನಲ್ಲಿ ಅದಕ್ಕೆ ಕ್ಲಾಸ್ಪ್ ಎನ್ನುತ್ತಾರೆ. ಜಮ್ಮು-ಕಾಶ್ಮೀರ, ನೇಫಾ (ಈಗಿನ ಅರುಣಾಚಲ), ಹಿಮಾಲಯ, ಬಂಗಾಳ-ಅಸ್ಸಾಂ, ಅಂಡಮಾನ್-ನಿಕೋಬಾರ್, ಮರುಸ್ಥಲ ಹೀಗೆ. ಪದಕ ಒಂದೇ, ಮತ್ತೊಂದು ಪ್ರದೇಶದಲ್ಲಿ ಅರ್ಹತೆ ಬಂದರೆ ಮತ್ತೊಂದು ಕ್ಲಾಸ್ಪ್, ಮತ್ತೊಂದು ಪದಕವಲ್ಲ. ಇದು ತಿಳಿಯದೆ "ಎರಡು ಕಡೆ ಇದ್ದೆ, ಒಂದೇ ಕೊಟ್ಟರು" ಎಂದು ಜೀವನಪೂರ್ತಿ ಕೊರಗಿದವರಿದ್ದಾರೆ.

ಸುಮಾರು ಒಂಬತ್ತು ಸಾವಿರ ಅಡಿಗಿಂತ ಮೇಲೆ ನಿಗದಿತ ಅವಧಿ ಇದ್ದವರಿಗೆ ಹೈ ಆಲ್ಟಿಟ್ಯೂಡ್ ಪದಕ, ಸಿಯಾಚಿನ್‌ಗೆ ಪ್ರತ್ಯೇಕವಾಗಿ ಸಿಯಾಚಿನ್ ಗ್ಲೇಸಿಯರ್ ಪದಕ. ಇವು 1986ರಲ್ಲಿ ಬಂದವು. ಅದೇ ವರ್ಷ ಹುಟ್ಟಿದ ವಿಶೇಷ ಸೇವಾ ಪದಕವೇ ಶ್ರೀಲಂಕಾಕ್ಕೆ ಹೋಗಿದ್ದ ಭಾರತದ ಶಾಂತಿಪಾಲನಾ ಪಡೆಯವರಿಗೆ "ಶ್ರೀಲಂಕಾ" ಕ್ಲಾಸ್ಪ್‌ನೊಂದಿಗೆ ಸಲ್ಲುವುದು. ಚೆನ್ನೈಯಲ್ಲಿ ಕೂತು ಈ ಮಾತಾಡುವಾಗ ಬೇರೆಯದೇ ಭಾವನೆ. 1987ರ ಜುಲೈನಿಂದ 1990ರ ಮಾರ್ಚ್‌ವರೆಗಿನ ಆ ಕಾರ್ಯಾಚರಣೆಗೆ ಈ ಊರೇ ಬಾಗಿಲಾಗಿತ್ತು. ಕೊನೆಯ ಹಡಗು ಮದರಾಸಿಗೆ ಬಂದಾಗ ಅಂದಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲವೆಂಬುದು ಇತಿಹಾಸ. "ಈ ಊರಿನ ಸಮುದ್ರ ಕಂಡರೆ ನನಗೆ ಬೇರೆ ಏನೂ ನೆನಪಾಗಲ್ಲ ಸ್ವಾಮಿ, ಸ್ಟ್ರೆಚರ್ ಮಾತ್ರ" ಎಂದರು ಯಜಮಾನರು. ಅವರ ಮನೆಯ ಬಾಲ್ಕನಿಯಿಂದ ಅಕ್ಕರೈ ಕಡೆಯ ನೀರಿನ ಗೆರೆ ಕಾಣುತ್ತದೆ. ಅವರು ಕುರ್ಚಿ ಹಾಕಿಕೊಳ್ಳುವುದು ರಸ್ತೆಯ ಕಡೆಗೆ.

ಯುದ್ಧಗಳ ಪದಕಗಳಲ್ಲಿ ವೈದ್ಯಕೀಯದವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. 1965ಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ. 1971ಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ ಪದಕ. 1999ರ ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಪದಕ. ಸ್ಟಾರ್ ಯುದ್ಧವಲಯದೊಳಗೆ ಇದ್ದವರಿಗೆ. ಅದರ ಜೊತೆಯ ಪದಕದ ಬಲೆ ದೊಡ್ಡದು, ಹಿಂದೆ ನಿಂತು ಯುದ್ಧವನ್ನು ನಡೆಸಿಕೊಟ್ಟವರನ್ನೂ ಅದು ಒಳಗೊಳ್ಳುತ್ತದೆ. ಈಗ ಗಾಯಾಳುವಿನ ದಾರಿ ನೆನೆಯಿರಿ. ಬೆಟಾಲಿಯನ್ನಿನ ಬೆನ್ನಿಗೇ ಇರುವ ರೆಜಿಮೆಂಟಲ್ ಏಡ್ ಪೋಸ್ಟ್, ಅಲ್ಲಿಂದ ಫೀಲ್ಡ್ ಆಂಬ್ಯುಲೆನ್ಸಿನ ಅಡ್ವಾನ್ಸ್ಡ್ ಡ್ರೆಸ್ಸಿಂಗ್ ಸ್ಟೇಷನ್, ಆಮೇಲೆ ಫೀಲ್ಡ್ ಆಸ್ಪತ್ರೆ, ಕೊನೆಗೆ ಲಖ್ನೋದಂಥ ಬೇಸ್ ಆಸ್ಪತ್ರೆ. ಅದೇ ಕೋರ್, ಅದೇ ಟ್ರೇಡ್, 1971ರ ಅದೇ ಡಿಸೆಂಬರ್. ಆದರೂ ಏಡ್ ಪೋಸ್ಟ್‌ನಲ್ಲಿದ್ದವನಿಗೆ ಸ್ಟಾರ್ ಮತ್ತು ಪದಕ ಎರಡೂ ಸಲ್ಲಬಹುದು, ದೂರದ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಬ್ಯಾಂಡೇಜು ಕಟ್ಟಿದವನಿಗೆ ಸಂಗ್ರಾಮ ಪದಕ ಮಾತ್ರ. ಅನ್ಯಾಯವೆನಿಸಿದರೂ ನಿಯಮ ಅಳೆಯುವುದು ಬೆವರನ್ನಲ್ಲ, ನಕ್ಷೆಯನ್ನು.

ಗಾಯಗೊಂಡ ವೈದ್ಯಕೀಯ ಸಹಾಯಕರಿಗೂ ಪರಾಕ್ರಮ ಪದಕ, ಅಂದರೆ ವೂಂಡ್ ಮೆಡಲ್ ಸಲ್ಲುತ್ತದೆ. ಶತ್ರುವಿನ ನೇರ ಕಾರ್ಯಾಚರಣೆಯಿಂದಲೇ ಆದ ಗಾಯವಾಗಿರಬೇಕು. ಏಡ್ ಪೋಸ್ಟ್ ಮೇಲೆ ಶೆಲ್ ಬಿದ್ದು ತೊಡೆಗೆ ಚೂರು ಹೊಕ್ಕರೆ ಸಲ್ಲುತ್ತದೆ. ಘಾಟಿಯಲ್ಲಿ ಆಂಬ್ಯುಲೆನ್ಸ್ ಉರುಳಿ ಕಾಲು ಮುರಿದರೆ ಇಲ್ಲ. ಎರಡನೆಯದಕ್ಕೆ ಬೇರೆ ದಾರಿಯಿದೆ, ಅಂಗವೈಕಲ್ಯ ಪಿಂಚಣಿಯದು. ಅದು ಈ ಲೇಖನದ ವಿಷಯವಲ್ಲ.

ಎಲ್ಲಿ ಕಳೆದುಹೋಗುತ್ತದೆ

ಇಷ್ಟೆಲ್ಲ ಸಲ್ಲಬೇಕಾಗಿದ್ದರೂ ಏಕೆ ಸಿಕ್ಕಿಲ್ಲ? ಯಜಮಾನರ ಡಿಸ್ಚಾರ್ಜ್ ಬುಕ್ ತಿರುವುತ್ತಿದ್ದಾಗ ಉತ್ತರ ನಿಧಾನವಾಗಿ ಕಂಡಿತು. 1987ರಿಂದ 89ರವರೆಗೆ ಅವರ ಯೂನಿಟ್ ಎಂದು ಬರೆದಿರುವುದು ಒಂದು ಫೀಲ್ಡ್ ಆಂಬ್ಯುಲೆನ್ಸ್. ಅವರು ಹೇಳುವುದು ಬೇರೆ: ಆ ತಿಂಗಳುಗಳಲ್ಲಿ ಹೆಚ್ಚಿನವನ್ನು ಅವರು ಕಳೆದದ್ದು ಒಂದು ಕಾಲಾಳು ಬೆಟಾಲಿಯನ್ನಿನ ಡಾಕ್ಟರ್ ಜೊತೆ, ಅಟ್ಯಾಚ್‌ಮೆಂಟ್ ಮೇಲೆ. ಊಟ ಅವರ ಲಂಗರಿನಲ್ಲಿ, ಗಸ್ತು ಅವರ ಕಂಪನಿಯ ಜೊತೆ. ಕಾಗದ ಮಾತ್ರ ಮೂಲ ಯೂನಿಟ್‌ನಲ್ಲಿ.

ವೈದ್ಯಕೀಯ ಸಹಾಯಕನ ಪದಕ ಜಾರಿಬೀಳುವುದು ಈ ಸಂದಿಯಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಸೇನೆಯಲ್ಲಿ ಒಬ್ಬನ ಬದುಕಿನ ಪ್ರತಿ ಬದಲಾವಣೆಯೂ, ಮದುವೆ, ಮಗು, ರಜೆ, ಬಡ್ತಿ, ಪದಕದ ಅರ್ಹತೆ ಎಲ್ಲವೂ, "ಪಾರ್ಟ್ ಟೂ ಆರ್ಡರ್" ಎಂಬ ಪ್ರಕಟಣೆಯಾಗಿ ಯೂನಿಟ್‌ನಿಂದ ಹೊರಟು ರೆಕಾರ್ಡ್ಸ್ ಆಫೀಸ್ ಸೇರಿ, ಅಲ್ಲಿನ ಶೀಟ್ ರೋಲ್ ಎಂಬ ಸೇವಾ ದಾಖಲೆಯಲ್ಲಿ ನಮೂದಾಗಬೇಕು. ಬೆಟಾಲಿಯನ್ನಿನ ಗುಮಾಸ್ತ ತನ್ನ ಬೆಟಾಲಿಯನ್ನಿನವರ ಪಟ್ಟಿ ಮಾಡುತ್ತಾನೆ, ಅಟ್ಯಾಚ್ ಆದವನು ಅದರಲ್ಲಿ ಇರುವುದಿಲ್ಲ. ಮೂಲ ಯೂನಿಟ್ ತನ್ನ ಕಣ್ಣೆದುರಿನವರ ಪಟ್ಟಿ ಮಾಡುತ್ತದೆ, ಅಲ್ಲಿ ಅವನು ಗೈರು. ಇಬ್ಬರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ. ಅತ್ತೆಯ ಮನೆಗೂ ಸಲ್ಲದೆ ತವರಿಗೂ ಸಲ್ಲದೆ ಉಳಿದವನು ನರ್ಸಿಂಗ್ ಅಸಿಸ್ಟೆಂಟ್.

ಇದು ನಮ್ಮಲ್ಲಿನ ಸಮಸ್ಯೆ ಮಾತ್ರವಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನ ಕಾಲಾಳುಗಳಿಗೆ ವಿಶೇಷ ಬ್ಯಾಡ್ಜ್ ಕೊಟ್ಟಾಗ ಅವರ ಪಕ್ಕದಲ್ಲೇ ಓಡಿದ ಮೆಡಿಕ್‌ಗಳು ಅದರಿಂದ ಹೊರಗುಳಿದರು. 1945ರಲ್ಲಿ ಅವರಿಗೆಂದೇ ಕಾಂಬ್ಯಾಟ್ ಮೆಡಿಕಲ್ ಬ್ಯಾಡ್ಜ್ ಹುಟ್ಟಿತು. 1947ರ ತೀರ್ಮಾನದ ಪ್ರಕಾರ ಆ ಬ್ಯಾಡ್ಜ್ ಗಳಿಸಿದ್ದ ಯೋಧ ಬ್ರಾಂಜ್ ಸ್ಟಾರ್‌ಗೂ ಅರ್ಹನಾದ. ಆದರೆ ಎಷ್ಟೋ ಜನ ಅದನ್ನು ಕೇಳಲೇ ಇಲ್ಲ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಸೈನಿಕ ಕಡತಗಳು ಸುಟ್ಟಮೇಲೆ ಕೇಳಿದವರಿಗೂ ಉತ್ತರ ಹುಡುಕುವುದು ಕಷ್ಟವಾಯಿತು. ಅಂಥ ಬೆಂಕಿ ನಮ್ಮ ಟ್ರಂಕುಗಳಿಗೆ ಬಿದ್ದಿಲ್ಲ. ಇಲ್ಲಿ ಗೆದ್ದಲಿನ ಕಾಟ ಮಾತ್ರ.

ಟ್ರಂಕು ತೆರೆದು ಮಾಡಬೇಕಾದ್ದು

ಮೊದಲು ಪದಕದ ಅಂಚು ನೋಡಿ. ಭೂತಗನ್ನಡಿ ಬೇಕಾದೀತು. ಸರ್ಕಾರ ಕೊಟ್ಟ ಪದಕವಾದರೆ ಅಂಚಿನ ಸುತ್ತ ನಂಬರ್, ಹುದ್ದೆ, ಹೆಸರು, ಕೋರ್ ಕೊರೆದಿರುತ್ತದೆ. ಅಂಚು ಬೋಳಾಗಿದ್ದರೆ ಅದು ಬಹುಶಃ ಅಂಗಡಿಯದು. ದೆಹಲಿ ಕಂಟೋನ್ಮೆಂಟಿನ ಗೋಪಿನಾಥ್ ಬಜಾರಿನಂಥ ಕಡೆ ಪದಕಗಳ ನಕಲು ಸಿಗುತ್ತವೆ. ಅಸಲಿ ಬರುವುದು ತಡವಾಗುತ್ತದೆಂದು ಪರೇಡಿಗೆ ಬೇಕಾಗಿ ಸೇವೆಯಲ್ಲಿರುವವರೇ ಅವನ್ನು ಕೊಳ್ಳುತ್ತಾರೆ, ಅದರಲ್ಲಿ ಮೋಸವೇನಿಲ್ಲ. ಆದರೆ ನಕಲು ಇರುವುದರಿಂದ ಅಸಲಿ ಸಿಕ್ಕಿದೆ ಎಂದಾಗುವುದಿಲ್ಲ. ಯಜಮಾನರ ಒಂಬತ್ತು ವರ್ಷದ ಪದಕದ ಅಂಚು ಬೋಳಾಗಿತ್ತು! "ಅಯ್ಯೋ, ಇದು ನಾನೇ ಕೊಂಡದ್ದು, ಮರೆತೇಹೋಗಿತ್ತು" ಎಂದು ಅವರು ಪೆಚ್ಚಾಗಿ ನಕ್ಕರು. ಹಾಗಾಗಿ ಬಾಕಿಯ ಪಟ್ಟಿ ಇನ್ನೂ ಒಂದು ಉದ್ದವಾಯಿತು.

ಆಮೇಲೆ ಡಿಸ್ಚಾರ್ಜ್ ಬುಕ್. ಅದರಲ್ಲಿ ಪದಕಗಳಿಗೆಂದೇ ಒಂದು ಜಾಗವಿರುತ್ತದೆ. ಇಲ್ಲಿ ಬರೆದದ್ದು ಅರ್ಹತೆಯೇ ಹೊರತು ಕೈಗೆ ಕೊಟ್ಟ ರಸೀದಿಯಲ್ಲ. ಅಲ್ಲಿ ಹೆಸರಿದ್ದು ಪೆಟ್ಟಿಗೆಯಲ್ಲಿ ಪದಕ ಇಲ್ಲದಿದ್ದರೆ ಕೆಲಸ ಹಗುರ: ಅರ್ಹತೆ ಆಗಲೇ ಒಪ್ಪಿಗೆಯಾಗಿದೆ, ವಸ್ತು ಮಾತ್ರ ಬಾಕಿ. ಅಲ್ಲಿಯೂ ಇಲ್ಲದಿದ್ದರೆ ಅರ್ಹತೆಯನ್ನೇ ಸ್ಥಾಪಿಸಬೇಕು, ಅದು ನಿಧಾನದ ಕೆಲಸ.

ಒಂದು ಬಿಳಿ ಹಾಳೆ ತೆಗೆದುಕೊಂಡು ವರ್ಷ, ಯೂನಿಟ್, ಜಾಗ, ಯಾರ ಜೊತೆ ಅಟ್ಯಾಚ್ ಎಂದು ನಾಲ್ಕು ಕಾಲಂ ಎಳೆಯಿರಿ. ಹಿರಿಯರನ್ನು ಪಕ್ಕ ಕೂರಿಸಿಕೊಳ್ಳಿ. ತಾರೀಕು ಕೇಳಬೇಡಿ, ನೆನಪಾಗುವುದಿಲ್ಲ. "ದೊಡ್ಡ ಮಗ ಹುಟ್ಟಿದಾಗ ಎಲ್ಲಿದ್ದಿರಿ? ಅಮ್ಮ ತೀರಿಕೊಂಡ ತಂತಿ ಎಲ್ಲಿಗೆ ಬಂತು?" ಎಂದು ಕೇಳಿ. ನಮ್ಮ ಹಾಳೆ ತುಂಬಿದ್ದು ಹೀಗೆಯೇ. ಶ್ರೀಲಂಕಾದ ತಿಂಗಳುಗಳಿಗೆ ಆಧಾರ ಒದಗಿಸಿದ್ದು ಅವರ ಹೆಂಡತಿ, ನಮ್ಮೆಲ್ಲರ ಅಜ್ಜಿ, ದೇವರಕೋಣೆಯಲ್ಲಿ ಜೋಪಾನ ಮಾಡಿದ್ದ ಹನ್ನೊಂದು ಇನ್‌ಲ್ಯಾಂಡ್ ಪತ್ರಗಳು. ಪ್ರತಿಯೊಂದರ ಹಿಂದೆ ಕಳಿಸಿದವರ ವಿಳಾಸದಲ್ಲಿ ಬೆಟಾಲಿಯನ್ನಿನ ಹೆಸರು, "ಕೇರಾಫ್ 56 ಎಪಿಓ" ಎಂಬ ಸೇನಾ ಅಂಚೆಯ ಗುರುತು, ಮೇಲೆ ಅಂಚೆಯ ಮುದ್ರೆ. "ಇವನ್ನು ಸುಟ್ಟುಹಾಕು ಅಂತ ಎಷ್ಟು ಸಲ ಹೇಳಿದ್ರು" ಎಂದು ಅಜ್ಜಿ ಕಾಫಿ ತಂದಿಟ್ಟರು. ಯಜಮಾನರು ತಲೆ ಎತ್ತಲಿಲ್ಲ.

ಇನ್ನು ಅರ್ಜಿ. ಮೆಡಿಕಲ್ ಕೋರ್‌ನ ಸಿಪಾಯಿ, ಎನ್‌ಸಿಓ, ಜೆಸಿಓಗಳ ದಾಖಲೆ ಇರುವುದು ಲಖ್ನೋದ ಎಎಂಸಿ ರೆಕಾರ್ಡ್ಸ್‌ನಲ್ಲಿ. ಮದ್ರಾಸ್ ರೆಜಿಮೆಂಟಿಗೆ ಅಟ್ಯಾಚ್ ಆಗಿದ್ದವರ ಶೀಟ್ ರೋಲ್ ಕೂಡ ಅಲ್ಲೇ, ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಲ್ಲ. ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲಿ, ಒಂದೂವರೆ ಪುಟ ಮೀರದಿರಲಿ. ಆರ್ಮಿ ನಂಬರ್, ಹುದ್ದೆ, ಹೆಸರು, ಟ್ರೇಡ್, ಸೇರಿದ ಮತ್ತು ಬಿಟ್ಟ ದಿನಾಂಕ, ನಾಲ್ಕು ಕಾಲಂನ ಆ ಹಾಳೆ, ಯಾವ ಪದಕ ಯಾವ ಅವಧಿಗೆ ಎಂಬ ಸ್ಪಷ್ಟ ಬೇಡಿಕೆ. ಜೊತೆಗೆ ಡಿಸ್ಚಾರ್ಜ್ ಬುಕ್ಕಿನ ಸಂಬಂಧಪಟ್ಟ ಪುಟಗಳು, ಪಿಂಚಣಿ ಪಾವತಿ ಆದೇಶ (ಪಿಪಿಓ), ಮಾಜಿ ಸೈನಿಕರ ಗುರುತಿನ ಚೀಟಿ, ಇವುಗಳ ನಕಲು. ಮೂಲ ಪ್ರತಿಯನ್ನು ಯಾರು ಕೇಳಿದರೂ ಕೊಡಬೇಡಿ. "ನನಗೆ ಎಲ್ಲ ಪದಕ ಕೊಡಿಸಿ" ಎಂದು ಬರೆದರೆ ಉತ್ತರವೂ ಅಷ್ಟೇ ತೇಲುವ ಹಾಗೆ ಬರುತ್ತದೆ. ಎರಡು ಪ್ರಶ್ನೆ ನೇರವಾಗಿ ಕೇಳಿ: ನನ್ನ ಶೀಟ್ ರೋಲ್‌ನಲ್ಲಿ ಯಾವ ಯಾವ ಪದಕ ನಮೂದಾಗಿದೆ, ಯಾವ ಪಾರ್ಟ್ ಟೂ ಆರ್ಡರ್ ಸಂಖ್ಯೆ ಮತ್ತು ದಿನಾಂಕದ ಮೇಲೆ? ಅವುಗಳಲ್ಲಿ ಯಾವುದು, ಎಂದು, ಯಾವ ಯೂನಿಟ್‌ಗೆ ಕಳಿಸಲಾಗಿದೆ? ಎರಡನೇ ಪ್ರಶ್ನೆ ಮುಖ್ಯ. ಎಷ್ಟೋ ಪದಕಗಳು ಮಾಲೀಕ ನಿವೃತ್ತನಾದ ಮೇಲೆ ಅವನ ಹಳೇ ಯೂನಿಟ್ ತಲುಪಿ ಯಾವುದೋ ಬೀರುವಿನಲ್ಲಿ ಮಲಗಿರುತ್ತವೆ.

ಅಟ್ಯಾಚ್‌ಮೆಂಟ್ ಸಾಬೀತು ಮಾಡಲು ಮೂವ್‌ಮೆಂಟ್ ಆರ್ಡರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಬೆಟಾಲಿಯನ್ನಿನಲ್ಲಿ ಜೊತೆಗಿದ್ದ ಡಾಕ್ಟರ್, ಅಂದರೆ ಆರ್‌ಎಂಓ, ಬರೆದುಕೊಡುವ ಒಂದು ಪತ್ರ. ಅವರೀಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಹೆಸರಾಂತ ಸರ್ಜನ್ ಆಗಿರುವ ಸಾಧ್ಯತೆಯೇ ಹೆಚ್ಚು. ನರ್ಸಿಂಗ್ ಅಸಿಸ್ಟೆಂಟನ್ನು ಯಾವ ಡಾಕ್ಟರೂ ಮರೆಯುವುದಿಲ್ಲ. ಹಳೆಯ ಪತ್ರ, ಹಿಂದೆ ದಿನಾಂಕವಿರುವ ಫೋಟೋ, ಆಸ್ಪತ್ರೆಗೆ ಸೇರಿದ್ದ ಚೀಟಿ ಪೂರಕ ಸಾಕ್ಷಿಯಾಗಬಹುದು. ಇವಷ್ಟರಿಂದಲೇ ಪದಕ ಬಂದೀತು ಎಂದುಕೊಳ್ಳಬೇಡಿ, ಹುಡುಕುವವರಿಗೆ ಎಲ್ಲಿ ಹುಡುಕಬೇಕೆಂದು ತೋರಿಸುವ ಕೈಮರ ಅವು.

ನಮ್ಮವರಿಗೆ ವಿಶೇಷವಾಗಿ ಕಾಡುವ ಕಂಟಕ ಹೆಸರಿನದು. ಊರು, ಅಪ್ಪ, ಹೆಸರು ಎಂದು ಇನಿಷಿಯಲ್ ಕಟ್ಟಿಕೊಂಡು ಹುಟ್ಟುವ ನಾವು ಭರ್ತಿ ಕಚೇರಿಯಲ್ಲಿ ಹಿಂದಿ ಗುಮಾಸ್ತನ ಕಿವಿಗೆ ಬಿದ್ದಂತೆ ದಾಖಲಾಗಿರುತ್ತೇವೆ. ತಿಮ್ಮೇಗೌಡ ಒಂದು ಕಡೆ ಟಿಮ್ಮೆ ಗೋಡಾ, ಆಧಾರಿನಲ್ಲಿ ಎ.ಕೆ. ತಿಮ್ಮೇಗೌಡ, ಬ್ಯಾಂಕಿನಲ್ಲಿ ತಿಮ್ಮೇಗೌಡ ಎ.ಕೆ. ಅರ್ಜಿಯಲ್ಲಿ ಸೇನೆಯ ದಾಖಲೆಯಲ್ಲಿರುವ ಕಾಗುಣಿತವನ್ನೇ ಬರೆಯಿರಿ, ಅದೆಷ್ಟೇ ತಪ್ಪಾಗಿ ಕಂಡರೂ ಸರಿಯೇ. ತಿದ್ದುಪಡಿಯ ಆಸೆಯನ್ನು ಬೇರೆ ಅರ್ಜಿಗೆ ಇಟ್ಟುಕೊಳ್ಳಿ.

ಶೋಳಿಂಗನಲ್ಲೂರಿನವರಿಗೆ ಇನ್ನೊಂದು ಸ್ಥಳೀಯ ತೊಡಕಿದೆ. 2011ರಲ್ಲಿ ಈ ಊರು ಚೆನ್ನೈ ಮಹಾನಗರಪಾಲಿಕೆಗೆ ಸೇರಿದರೂ 2018ರವರೆಗೆ ಜಿಲ್ಲೆ ಕಾಂಚೀಪುರವೇ ಆಗಿತ್ತು. ಹಾಗಾಗಿ ಮೊದಲೇ ಬಂದು ನೆಲೆಸಿದವರ ಕಾಗದಗಳಲ್ಲಿ ಒಂದು ಜಿಲ್ಲೆ, ಆಧಾರಿನಲ್ಲಿ ಇನ್ನೊಂದು. ಮಾಜಿ ಸೈನಿಕರ ನೋಂದಣಿ ಜಿಲ್ಲಾವಾರು ನಡೆಯುವುದರಿಂದ ವಿಳಾಸ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಹಾಸನದಲ್ಲೋ ಮಡಿಕೇರಿಯಲ್ಲೋ ನೋಂದಣಿ ಇದ್ದು ಮಗನ ಮನೆಗೆ ಬಂದವರು ಅದನ್ನು ಇಲ್ಲಿಗೆ ವರ್ಗ ಮಾಡಿಸಬೇಕೇ? ಪದಕದ ಮಟ್ಟಿಗೆ ಅನಿವಾರ್ಯವಲ್ಲ, ನೇರವಾಗಿ ರೆಕಾರ್ಡ್ಸ್‌ಗೆ ಬರೆಯಬಹುದು. ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋದರೆ ಅರ್ಜಿಗೊಂದು ಸೀಲು, ಜಾವಕ್ ನಂಬರ್ ಸಿಗುತ್ತದೆ. ಇಲ್ಲಿಯ ಕಚೇರಿಗಳಲ್ಲಿ ತಮಿಳು ಬಾರದಿದ್ದರೂ ಹೆದರಬೇಕಿಲ್ಲ. ಮೇಜಿನ ಆಚೆ ಕೂತವರಲ್ಲಿ ಮಾಜಿ ಸೈನಿಕರೂ ಇರುತ್ತಾರೆ, ಫೌಜಿನ ಹಿಂದಿ ಇಬ್ಬರಿಗೂ ಹರುಕುಮುರುಕಾಗಿ ಬರುತ್ತದೆ.

ಸೈನಿಕ ತೀರಿಕೊಂಡಿದ್ದರೆ ಪತ್ನಿ ಅಥವಾ ದಾಖಲೆಯಲ್ಲಿರುವ ಹತ್ತಿರದ ವಾರಸುದಾರರು ಬರೆಯಬಹುದು, ಮರಣ ಪ್ರಮಾಣಪತ್ರ ಮತ್ತು ಕುಟುಂಬ ಪಿಂಚಣಿಯ ಕಾಗದದ ಜೊತೆ. ಬಂದ ಪದಕವೇ ಕಳೆದಿದ್ದರೆ ಪೊಲೀಸರಿಗೆ ಕೊಟ್ಟ ದೂರಿನ ನಕಲು, ಅಫಿಡವಿಟ್ ಇಟ್ಟು ಬದಲಿ ಪದಕ ಕೇಳಬೇಕು.

ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಹಿರಿಯರು ಬದುಕಿದ್ದರೆ ಅವರ ಹೆಸರಿನಲ್ಲೇ, ಅವರ ಸಹಿಯಲ್ಲೇ ಹಾಕಿ. ಮಗನ ಹೆಸರಿನಲ್ಲಿ ಹೋದರೆ ಅದು ಬೇರೊಬ್ಬರ ಖಾಸಗಿ ಮಾಹಿತಿ ಎಂದು ತಿರಸ್ಕೃತವಾಗಬಹುದು. ಅರ್ಹತೆಯನ್ನೇ ಲಿಖಿತವಾಗಿ ನಿರಾಕರಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಆರು ತಿಂಗಳ ಮಿತಿ ನೆನಪಿರಲಿ. ನಿವೃತ್ತರು ತಾವು ವಾಸವಿರುವ ಕಡೆಯ ಪೀಠಕ್ಕೆ ಹೋಗಬಹುದು: ಕರ್ನಾಟಕದಲ್ಲಿರುವವರಿಗೆ ಕೊಚ್ಚಿ ಪೀಠ, ಶೋಳಿಂಗನಲ್ಲೂರಿನಲ್ಲಿರುವವರಿಗೆ ಚೆನ್ನೈ ಪೀಠ. ಒಂದು ಸೈನ್ಯ ಸೇವಾ ಪದಕಕ್ಕಾಗಿ ಅಷ್ಟು ದೂರ ಹೋಗಬೇಕೇ ಎಂದರೆ, ನಾನಾದರೆ ಹೋಗುವುದಿಲ್ಲ. ಆದರೆ ಪದಕ ನನ್ನದಲ್ಲವಲ್ಲ.

ದಲ್ಲಾಳಿಗಳಿದ್ದಾರೆ, ಜೋಕೆ. "ಲಖ್ನೋದಲ್ಲಿ ನಮ್ಮವರಿದ್ದಾರೆ" ಎಂದು ನಮ್ಮ ಯಜಮಾನರಿಂದಲೂ ಹಿಂದೊಮ್ಮೆ ಒಬ್ಬ ಮೂರು ಸಾವಿರ ಕಿತ್ತಿದ್ದ. ಸಲ್ಲಬೇಕಾದ ಸೇವಾ ಪದಕವನ್ನು ಮೊದಲ ಸಲ ಪಡೆಯಲು ಯಾರಿಗೂ ಯಾವ ದುಡ್ಡೂ ಕೊಡಬೇಕಿಲ್ಲ. ಪದಕದಿಂದ ದುಡ್ಡು ಬರುತ್ತದೆ ಎಂಬ ಆಸೆಯೂ ಬೇಡ. ಮಾಸಿಕ ಭತ್ಯೆ ಇರುವುದು ಶೌರ್ಯ ಪ್ರಶಸ್ತಿಗಳಿಗೆ: 2017ರ ಆಗಸ್ಟ್ 1ರಿಂದ ಜಾರಿಯಾದ ದರದಲ್ಲಿ ಪರಮವೀರ ಚಕ್ರಕ್ಕೆ 20,000, ಮಹಾವೀರ ಚಕ್ರಕ್ಕೆ 10,000, ವೀರ ಚಕ್ರಕ್ಕೆ 7,000, ಶೌರ್ಯದ ಸೇನಾ ಪದಕಕ್ಕೆ 2,000 ರೂಪಾಯಿ. ಸೇವಾ ಪದಕಕ್ಕೆ ಸೊನ್ನೆ.

ಶೌರ್ಯದ ಮಾತು

"ನಮ್ಮಂಥವರಿಗೆ ವೀರ ಚಕ್ರ ಎಲ್ಲಿ ಬರುತ್ತೆ, ನಾವು ಪಟ್ಟಿ ಕಟ್ಟೋರು" ಎಂದು ಯಜಮಾನರು ಒಮ್ಮೆ ಹೇಳಿದರು. ಇದು ತಪ್ಪು. ಪರಮವೀರ, ಮಹಾವೀರ, ವೀರ ಚಕ್ರಗಳಿಗೆ ಅರ್ಹರು ಯಾರೆಂಬ ಪಟ್ಟಿಯಲ್ಲೇ ಮೇಟ್ರನ್, ಸಿಸ್ಟರ್, ನರ್ಸ್ ಮತ್ತು ಆಸ್ಪತ್ರೆಗಳಿಗೆ ಸೇರಿದ ಸೇವೆಗಳ ಸಿಬ್ಬಂದಿಯ ಹೆಸರಿದೆ. ಪ್ರಶ್ನೆ ಕೆಲಸದ್ದಲ್ಲ, ಸನ್ನಿವೇಶದ್ದು: ಶತ್ರುವಿನ ಎದುರಿನಲ್ಲಿ ತೋರಿದ ಶೌರ್ಯಕ್ಕೆ ವೀರ ಚಕ್ರದ ಸಾಲು, ಹಾಗಲ್ಲದ ಕಡೆ ಅಶೋಕ ಚಕ್ರದ ಸಾಲು.

2020ರ ಜೂನ್ 15ರ ರಾತ್ರಿ ಲಡಾಖಿನ ಗಲ್ವಾನಿನಲ್ಲಿ ಚೀನೀ ಪಡೆಯೊಂದಿಗೆ ನಡೆದ ಘರ್ಷಣೆಯಲ್ಲಿ 16 ಬಿಹಾರ್ ಬೆಟಾಲಿಯನ್ನಿನ ಜೊತೆಗಿದ್ದ ನಾಯಕ್ ದೀಪಕ್ ಸಿಂಗ್ ನರ್ಸಿಂಗ್ ಅಸಿಸ್ಟೆಂಟ್. ನಮ್ಮ ಯಜಮಾನರದೇ ಟ್ರೇಡ್, ಅದೇ ಬಗೆಯಲ್ಲಿ ಬೇರೆಯವರ ಬೆಟಾಲಿಯನ್ನಿನ ನಡುವೆ ಮೆಡಿಕಲ್ ಕೋರ್‌ನ ಒಬ್ಬ. ಕಲ್ಲೇಟು ತಿಂದು ತಾನೇ ಗಾಯಗೊಂಡಿದ್ದರೂ ಮೂವತ್ತಕ್ಕೂ ಹೆಚ್ಚು ಸೈನಿಕರಿಗೆ ಶುಶ್ರೂಷೆ ಮಾಡಿ ಪ್ರಾಣ ಬಿಟ್ಟರು. ಮರಣೋತ್ತರ ವೀರ ಚಕ್ರ ಬಂತು. ಅವರ ಪತ್ನಿ ರೇಖಾ ಸಿಂಗ್ 2023ರ ಏಪ್ರಿಲ್ 29ರಂದು ಲೆಫ್ಟಿನೆಂಟ್ ಆಗಿ ಹೊರಬಂದದ್ದು ಇದೇ ಚೆನ್ನೈಯ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿಯಿಂದ, ಟ್ರಾಫಿಕ್ ಕೃಪೆ ತೋರಿದರೆ ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗ್ ಡಾಕ್ಟರ್. 2010ರ ಫೆಬ್ರವರಿ 26ರಂದು ಕಾಬೂಲಿನ ಅತಿಥಿಗೃಹದ ಮೇಲಿನ ದಾಳಿಯಲ್ಲಿ ಬರಿಗೈಯಲ್ಲಿ ಆತ್ಮಾಹುತಿ ಉಗ್ರನನ್ನು ಅಪ್ಪಿ ಹಿಡಿದು ಸಂಗಡಿಗರನ್ನು ಉಳಿಸಿದರು. ಅಲ್ಲಿ ಎದುರಿಗಿದ್ದದ್ದು ಶತ್ರು ಸೇನೆಯಲ್ಲ, ಅದು ರಣರಂಗವೂ ಅಲ್ಲ. ಅದಕ್ಕೇ ಅವರದು ಅಶೋಕ ಚಕ್ರ. ಇನ್ನೂ ಹಿಂದೆ ಹೋದರೆ ಕೊರಿಯಾ ಯುದ್ಧದ 60 ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್, ಅದರ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. ಹೆಸರಿನ ಆ ಮೊದಲ ಅಕ್ಷರ ಆರ್ಕಾಟ್. 1951ರ ಮಾರ್ಚ್‌ನಲ್ಲಿ ಅಮೆರಿಕದ ಪಡೆಯೊಂದಿಗೆ ಪ್ಯಾರಾಶೂಟಿನಲ್ಲಿ ಇಳಿದು ಗಾಯಾಳುಗಳನ್ನು ನೋಡಿಕೊಂಡ ಈ ವೈದ್ಯರಿಗೆ ಮಹಾವೀರ ಚಕ್ರ.

ಹಳೆಯ ಘಟನೆಗೆ ಈಗ ಶೌರ್ಯ ಪ್ರಶಸ್ತಿ ಕೇಳಬಹುದೇ ಎಂದು ಕೇಳುವವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯನವರ ಉದಾಹರಣೆ ಕೊಡುತ್ತಾರೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಯಲ್ಲಿ ಅವರು ತಮ್ಮ ಹಳೆಯ ಮಿಸ್ಟೀರ್ ವಿಮಾನದಿಂದ ಶತ್ರುವಿನ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿದ್ದು ಹೊರಬಿದ್ದು, ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಇಪ್ಪತ್ಮೂರು ವರ್ಷದ ಮೇಲೆ. ನಿಜ. ಆದರೆ ಅಲ್ಲಿ ಸಾಕ್ಷ್ಯ ಬಂದದ್ದು ಎದುರಾಳಿ ಪಾಳಯದಿಂದ. ಅಂಥದ್ದು ತಲೆಮಾರಿಗೊಂದು. ಕುಟುಂಬದವರ ಮನವಿಯಿಂದ ಶೌರ್ಯ ಪ್ರಶಸ್ತಿಯ ಕಡತ ತೆರೆಯುತ್ತದೆ ಎಂಬ ಆಸೆಯನ್ನು ನಾನು ಯಾರಲ್ಲೂ ಹುಟ್ಟಿಸಲಾರೆ.

ಎರಡನೇ ಭಾನುವಾರ ಸಂಜೆ ಅರ್ಜಿ ಸಿದ್ಧವಾಯಿತು. ನಾಲ್ಕು ಬೇಡಿಕೆ: ಒಂಬತ್ತರ ಪದಕ, ಇಪ್ಪತ್ತರ ಪದಕ, ಶ್ರೀಲಂಕಾ ಕ್ಲಾಸ್ಪ್‌ನ ವಿಶೇಷ ಸೇವಾ ಪದಕ, ಅರುಣಾಚಲದ ವರ್ಷಗಳಿಗೆ ಸೈನ್ಯ ಸೇವಾ ಪದಕ. ಲಡಾಖಿನ ದಿನಗಳು ಲೆಕ್ಕಕ್ಕೆ ಸಾಕೋ ಎಂದು ಗೊತ್ತಾಗದೆ ಅದನ್ನು ಪ್ರಶ್ನೆಯಾಗಿ ಸೇರಿಸಿದೆವು. ಇನ್‌ಲ್ಯಾಂಡ್ ಪತ್ರಗಳ ಹಿಂಬದಿಯನ್ನಷ್ಟೇ ಜೆರಾಕ್ಸ್ ಮಾಡಿಸಿ ಲಗತ್ತಿಸಿದ್ದು ಅಜ್ಜಿಯ ಷರತ್ತು; ಒಳಗಿನದನ್ನು ಸರ್ಕಾರ ಓದಬೇಕಿಲ್ಲವಂತೆ. ಸೋಮವಾರ ನಾನೂ ಅವರೂ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ಡ್ ಮಾಡಿದೆವು. ಕೌಂಟರಿನ ಹುಡುಗಿ ವಿಳಾಸ ನೋಡಿ ತಮಿಳಿನಲ್ಲಿ ಏನೋ ಕೇಳಿದಳು. ಯಜಮಾನರು ಸೆಟೆದು ನಿಂತು ತಮ್ಮ ಆರ್ಮಿ ನಂಬರ್ ಹೇಳಿದರು. ಅವಳು ಕೇಳಿದ್ದು ಪಿನ್‌ಕೋಡ್.